ಹನ್ನೊಂದು ಜನ ಇದ್ದಾರೆ, ಮಾತು ಮಾತ್ರ ಇಲ್ಲ

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮರ ವಾದ್ಯಗಾರ್ತಿಯರ ಚಿತ್ರ ನೋಡಿದೆ. ಅಷ್ಟು ಜನ ಒತ್ತಿಕೊಂಡಿದ್ದರೂ ಯಾರೂ ಯಾರ ಜೊತೆಗೂ ಇಲ್ಲ ಅನ್ನಿಸಿತು. ಬೇಕಂತಲೇ ಹಾಗೆ ಬಿಡಿಸಿದ್ದಾ?

ನಿಮಗನ್ನಿಸಿದ್ದು ಸರಿಯಾಗಿಯೇ ಇದೆ. 1889ರ ಸುಮಾರಿನ ತೈಲಚಿತ್ರ ಅದು. 11 ಹೆಂಗಸರು, ಒಬ್ಬೊಬ್ಬರದು ಒಂದೊಂದು ಸೀಮೆಯ ಉಡುಗೆ. ನೋಟವೂ ಅಷ್ಟೇ, ಒಬ್ಬೊಬ್ಬರದು ಒಂದೊಂದು ದಿಕ್ಕಿಗೆ.

ದಸರೆಯಲ್ಲಿ ಅರಮನೆ ಮುಂದೆ ಕಚೇರಿ ಕೇಳಿದವರಿಗೆ ಇದು ಬೇಗ ಹೊಳೆಯುತ್ತದೆ. ಪಿಟೀಲಿನವರ ಕಣ್ಣು ಹಾಡುವವರ ಮುಖದ ಮೇಲಿರುತ್ತದೆ. ಮೃದಂಗದವರು ಮುಂದಿನ ಎಡುಪಿಗೆ, ಅಂದರೆ ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಕಾಯುತ್ತಿರುತ್ತಾರೆ. ನಡುವೆ ಒಂದು ‘ಭೇಷ್’, ಒಂದು ಮುಗುಳ್ನಗು. ಕಣ್ಣಲ್ಲೇ ಅರ್ಧ ಕಚೇರಿ ನಡೆದುಹೋಗುತ್ತದೆ. ಈ ಚಿತ್ರದಲ್ಲಿ ವಾದ್ಯಗಳಿವೆ, ಆ ನೋಟಗಳಿಲ್ಲ.

ನನಗನ್ನಿಸುವಂತೆ ಇಲ್ಲಿ ಸಂಗೀತ ಬರೀ ನೆಪ. ದೇಶದ ನಾನಾ ಕಡೆಯ ಹೆಂಗಸರನ್ನು ಒಂದೇ ಕಡೆ ತೋರಿಸಬೇಕಿತ್ತು. ಪ್ರತಿಯೊಬ್ಬಳ ಮುಖ, ಸೀರೆಯ ನೆರಿಗೆ, ಒಡವೆ ಎಲ್ಲವೂ ಕಾಣಬೇಕು. ಒಬ್ಬಳು ಪಕ್ಕದವಳ ಕಡೆ ಪೂರ್ತಿ ತಿರುಗಿದರೆ ಅರ್ಧ ಮುಖವೇ ಮರೆಯಾಗುತ್ತದೆ. ಹಳೇ ಸ್ಟುಡಿಯೋ ಫೋಟೋಗಳಲ್ಲೂ ಹೀಗೇ ಅಲ್ವಾ? ಮನೆಮಂದಿಯೆಲ್ಲ ಇರುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಹಾಗಾಗಿ ಒಂಟಿತನವನ್ನೇ ತೋರಿಸಲು ಹೊರಟ ಚಿತ್ರ ಇದಲ್ಲ. ಎಲ್ಲರನ್ನೂ ಚೆನ್ನಾಗಿ ಕಾಣಿಸುವ ಆಸೆಗೆ ತೆತ್ತ ಬೆಲೆ ಆ ಮೌನ. ಆದರೂ ಚಿತ್ರ ಮನಸ್ಸಲ್ಲಿ ಉಳಿಯುವುದು ಅದರಿಂದಲೇ ಅನ್ನುವುದು ನನ್ನ ಅಭಿಪ್ರಾಯ. ಸೀರೆಗಳನ್ನು ಯಾರು ಅಷ್ಟು ದಿನ ನೆನಪಿಟ್ಟುಕೊಳ್ಳುತ್ತಾರೆ!

ಇದರ ಪಕ್ಕ ಅಮೆರಿಕದ ಎಡ್ವರ್ಡ್ ಹಾಪರ್ 1942ರಲ್ಲಿ ಬಿಡಿಸಿದ ‘ನೈಟ್‌ಹಾಕ್ಸ್’ ಇಟ್ಟು ನೋಡಿ. ರಾತ್ರಿ ಹೊತ್ತಿನ ಹೋಟೆಲು, ಮೂರು ಗಿರಾಕಿಗಳು, ಒಬ್ಬ ಮಾಣಿ. ದೊಡ್ಡ ಗಾಜಿದೆ, ಬೀದಿಗೆ ಬರುವ ಬಾಗಿಲು ಮಾತ್ರ ಎಲ್ಲೂ ಕಾಣುವುದಿಲ್ಲ. ಗಂಡು ಹೆಣ್ಣು ಒಟ್ಟಿಗೆ ಕೂತಿದ್ದಾರೆ, ಕೈ ಇನ್ನೇನು ತಾಗಬೇಕು, ತಾಗಿಲ್ಲ. ಅಷ್ಟಾದರೂ ಒಂಟಿತನ ತೋರಿಸಬೇಕೆಂದು ಹಾಪರ್ ಹೊರಟಿರಲಿಲ್ಲವಂತೆ. ದೊಡ್ಡ ಊರಿನ ಒಂಟಿತನ ತನಗೇ ಗೊತ್ತಿಲ್ಲದೆ ಬಂದಿರಬಹುದು ಎಂಬರ್ಥದ ಮಾತು ಹೇಳಿದ್ದರು.

ಮುಂದಿನ ಸಲ ಹೋದಾಗ ಹೀಗೆ ಮಾಡಿ. ದೂರ ನಿಂತು, ಒಂದು ಕಣ್ಣು ಮುಚ್ಚಿ, ಬೆರಳು ಅಡ್ಡ ಹಿಡಿದು ಒಬ್ಬಳನ್ನು ಮರೆಮಾಡಿ. ಉಳಿದ ಹತ್ತು ಜನಕ್ಕೆ ಏನೂ ಆಗುವುದಿಲ್ಲ. ಹಾಪರ್ ಚಿತ್ರದಲ್ಲಿ ಆ ಒಂಟಿ ಗಿರಾಕಿಯನ್ನು ಮುಚ್ಚಿ ನೋಡಿ, ಜೋಡಿಯ ಮೌನ ಅಷ್ಟು ಚುಚ್ಚುವುದಿಲ್ಲ.