ವೇರಿಯೋಮೀಟರ್: ಸುರುಳಿಯೊಳಗೆ ಸುರುಳಿ ತಿರುಗಿಸಿ ಸ್ಟೇಷನ್ ಹಿಡಿಯುವುದು

ರೇಡಿಯೋ ಟ್ಯೂನಿಂಗ್ ಎಂದರೆ ಗ್ಯಾಂಗ್ ಕಂಡೆನ್ಸರ್ (ಒಂದೇ ದಂಡಕ್ಕೆ ಕೂರಿಸಿ ತಿರುಗಿಸುವ ಕಂಡೆನ್ಸರ್‌ಗಳು) ಎಂದೇ ನಮಗೆ ರೂಢಿ. ಕಾಯಿಲ್ (ತಂತಿಯ ಸುರುಳಿ) ಹಾಗೇ ಇರುತ್ತದೆ, ಕಂಡೆನ್ಸರ್ ತಿರುಗುತ್ತದೆ. 1920ರ ದಶಕದ ಆರಂಭದ ಎಷ್ಟೋ ಸೆಟ್‌ಗಳಲ್ಲಿ ಇದು ತಲೆಕೆಳಗಾಗಿತ್ತು. ಕಂಡೆನ್ಸರ್ ಅಲುಗುತ್ತಿರಲಿಲ್ಲ, ಕಾಯಿಲ್‌ನ ಇಂಡಕ್ಟೆನ್ಸೇ ಏರಿಳಿಯುತ್ತಿತ್ತು. ಅದನ್ನು ಮಾಡುತ್ತಿದ್ದ ಭಾಗವೇ ವೇರಿಯೋಮೀಟರ್. ದ್ವಿತೀಯ ಪಿಯುಸಿಯಲ್ಲಿ ಅನ್ಯೋನ್ಯ ಪ್ರೇರಣೆ ಓದಿದವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.

ಹೊರಗೊಂದು ಸುರುಳಿ (ಸ್ಟೇಟರ್), ಒಳಗೆ ತಿರುಗುವ ಇನ್ನೊಂದು (ರೋಟರ್), ಎರಡೂ ಸರಣಿಯಲ್ಲಿ. ಕಾಂತಕ್ಷೇತ್ರಗಳು ಒಂದೇ ದಿಕ್ಕಿಗಿದ್ದರೆ ಒಟ್ಟು ಇಂಡಕ್ಟೆನ್ಸ್ = ಎಲ್1 + ಎಲ್2 + 2ಎಂ (ಎಲ್1, ಎಲ್2 ಒಂದೊಂದು ಸುರುಳಿಯ ಇಂಡಕ್ಟೆನ್ಸ್, ಎಂ ಅವುಗಳ ನಡುವಿನ ಅನ್ಯೋನ್ಯ ಪ್ರೇರಣೆಯ ಅಳತೆ). ರೋಟರನ್ನು 180 ಡಿಗ್ರಿ ತಿರುಗಿಸಿದರೆ ಅದೇ 2ಎಂ ಕಳೆಯುತ್ತದೆ. 90 ಡಿಗ್ರಿಯಲ್ಲಿ ಎಂ ಸೊನ್ನೆ. ಎಂ ಬೆಲೆ ನಿಂತಿರುವುದು ಕಪ್ಲಿಂಗ್ ಗುಣಾಂಕ 'ಕೆ' ಮೇಲೆ, ಅಂದರೆ ಒಂದು ಸುರುಳಿಯ ಕಾಂತಕ್ಷೇತ್ರ ಇನ್ನೊಂದಕ್ಕೆ ಎಷ್ಟು ತಗುಲುತ್ತದೆ ಎಂಬುದರ ಮೇಲೆ. ಸುರುಳಿಗಳೆರಡೂ ಸಮ ಇದ್ದರೆ ಎಂ = ಕೆ × ಎಲ್1.

ಚಿಕ್ಕಬಳ್ಳಾಪುರದಲ್ಲಿ ಕೂತು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಿಡಿಯಬೇಕು ಎಂದುಕೊಳ್ಳಿ. ಒಂದೊಂದು ಸುರುಳಿ 100 ಮೈಕ್ರೋಹೆನ್ರಿ, ಕೆ 0.5. ಹಾಗಾದರೆ ಗರಿಷ್ಠ 300, ಕನಿಷ್ಠ 100. ಒಟ್ಟು ಕಂಡೆನ್ಸರ್ 270 ಪಿಕೋಫ್ಯಾರಡ್ ಇದ್ದರೆ ಅನುರಣನ ಸೂತ್ರದಂತೆ 612ಕ್ಕೆ ಬೇಕಾದದ್ದು 250 ಮೈಕ್ರೋಹೆನ್ರಿ. ರೋಟರ್ ತಿರುಗಿದಂತೆ ಎಂ ಬೆಲೆ ಕೋನದ (ಥೀಟಾ) ಕೊಸೈನ್‌ಗೆ ತಕ್ಕಂತೆ ಬದಲಾಗುವುದಾದರೆ 200 + 100 × ಕಾಸ್ ಥೀಟಾ = 250, ಕಾಸ್ ಥೀಟಾ 0.5, ಅಂದರೆ ಗರಿಷ್ಠ ಸ್ಥಾನದಿಂದ 60 ಡಿಗ್ರಿ. ಡಯಲ್‌ಗೆ ಕೋನಮಾಪಕ ಅಂಟಿಸಿ ಇದನ್ನು ಪರೀಕ್ಷಿಸಬಹುದು.

ತೊಡಕು ಇರುವುದು ಇಲ್ಲಿ. ಈ ಜೋಡಿಯ ಹರವು ಸುಮಾರು 559ರಿಂದ 968 ಕಿಲೋಹರ್ಟ್ಸ್, ಅಷ್ಟೇ. ಮೀಡಿಯಂ ವೇವ್ ಪೂರ್ತಿ, ಅಂದರೆ 531ರಿಂದ 1602, ಬೇಕಾದರೆ ಆವರ್ತನ ಮೂರು ಪಟ್ಟು, ಇಂಡಕ್ಟೆನ್ಸ್ ಅದರ ವರ್ಗದಷ್ಟು, ಅಂದರೆ ಒಂಬತ್ತು ಪಟ್ಟು ಬದಲಾಗಬೇಕು. ಅದಕ್ಕೆ ಕೆ 0.8 ಮುಟ್ಟಬೇಕು, ಎರಡು ಸುರುಳಿಗಳ ನಡುವಿನ ಸಂದು ಕೂದಲೆಳೆಯಷ್ಟಾಗಬೇಕು. ಅದಕ್ಕೇ ಆ ಕಾಲದ ಒಳ್ಳೆಯ ವೇರಿಯೋಮೀಟರ್‌ಗಳಲ್ಲಿ ರೋಟರ್ ಮರದ ಗುಂಡು. ಸ್ಟೇಟರ್ ತಂತಿ ಬಟ್ಟಲಿನಂಥ ಅಚ್ಚಿನ ಒಳಮೈಗೆ ಅಂಟಿರುತ್ತಿತ್ತು. ಗುಂಡು ಹೇಗೆ ತಿರುಗಿದರೂ ಸಂದು ಒಂದೇ. ಇಷ್ಟು ಕಷ್ಟಪಟ್ಟು ಪಡೆದ ಒಂಬತ್ತು ಪಟ್ಟನ್ನು 40ರಿಂದ 365 ಪಿಕೋಫ್ಯಾರಡ್‌ನ ಗಾಳಿ ಕಂಡೆನ್ಸರ್ ಸಲೀಸಾಗಿ ಕೊಡುತ್ತದೆ. ಮೇಲಾಗಿ ಎರಡು ಮೂರು ಕಂಡೆನ್ಸರ್‌ಗಳನ್ನು ಒಂದೇ ದಂಡಕ್ಕೆ ಕೂರಿಸಬಹುದು. ವೇರಿಯೋಮೀಟರ್‌ನ ಕಾಂತಕ್ಷೇತ್ರವೋ ಸುತ್ತ ಹರಡಿ ಪಕ್ಕದ ಕಾಯಿಲ್‌ಗೆ ತಗುಲಿ ಸೆಟ್ ಕೀರಲು ಶುರುಮಾಡುತ್ತದೆ. ಮನೆಯ ಸೆಟ್‌ಗಳಿಂದ ಅದು ಹೊರಬಿದ್ದದ್ದು ಈ ಕಾರಣಗಳಿಗೆ. ದೀರ್ಘ ತರಂಗದ ಟ್ರಾನ್ಸ್‌ಮಿಟರ್‌ಗಳಲ್ಲಿ ಆಂಟೆನಾ ಹೊಂದಿಸಲು ಮಾತ್ರ ಬಹುಕಾಲ ಉಳಿಯಿತು.

ಮಾಡಿ ನೋಡುವವರಿಗೆ: ಸ್ಟೇಟರ್‌ಗೆ 75 ಮಿ.ಮೀ. ಪಿವಿಸಿ ಪೈಪ್, ರೋಟರ್‌ಗೆ 63 ಮಿ.ಮೀ. ಪೈಪಿನ 28 ಮಿ.ಮೀ. ತುಂಡು. ರೋಟರ್ ಅಡ್ಡ ತಿರುಗುವಾಗ ಅದರ ಕರ್ಣ ಹೊರ ಪೈಪಿನ ಗೋಡೆಗೆ ತಾಗಬಾರದು. ಇಲ್ಲಿ ಕರ್ಣ ಸುಮಾರು 69. ಪೈಪಿನ ಗೋಡೆ ಒಂದೊಂದರದು ಒಂದೊಂದು ದಪ್ಪ, ಆದ್ದರಿಂದ ಒಳವ್ಯಾಸ ಅಳೆದೇ ಕತ್ತರಿಸಿ. ತಂತಿ 26 ಗೇಜ್, ಸುಮಾರು 15 ಮೀಟರ್. ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ 30 ಗ್ರಾಂ ಕೇಳಿದರೆ ಸಾಕು. ಬೋರ್‌ವೆಲ್ ಮೋಟರಿನ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಡ, ಎನಾಮಲ್ ತಂತಿಯೇ ಬೇಕು. ರೋಟರ್‌ಗೆ 18 + 18 ಸುತ್ತು, ನಡುವೆ ದಂಡಕ್ಕೆ 6 ಮಿ.ಮೀ. ಜಾಗ. ಸ್ಟೇಟರ್‌ಗೆ 16 + 16, ನಡುವೆ 8 ಮಿ.ಮೀ. ದಂಡ ಮರದ್ದೋ ಬಿದಿರಿನದ್ದೋ ಇರಲಿ. ಕಬ್ಬಿಣದ ಬೋಲ್ಟ್ ಹಾಕಿದರೆ ನಷ್ಟ ಹೆಚ್ಚಿ ಟ್ಯೂನಿಂಗ್ ಮೊಂಡಾಗುತ್ತದೆ.

ರೋಟರ್‌ನಿಂದ ಹೊರಬರುವ ಎರಡು ತುದಿಗೆ ಎಳೆಎಳೆಯಾದ ಮೆತ್ತನೆಯ ವೈರ್ ಬೆಸೆದು, ಅರ್ಧ ಸುತ್ತಿಗೆ ನಿಲ್ಲುವಂತೆ ಒಂದು ಮೊಳೆ ತಡೆ ಕೊಡಿ. ತಡೆಯಿಲ್ಲದಿದ್ದರೆ ವೈರ್ ತಿರುಚಿ ತಿರುಚಿ ಬೆಸುಗೆಯ ಬುಡದಲ್ಲೇ ತುಂಡಾಗುತ್ತದೆ. ರೋಟರ್‌ನ ತುದಿ ಅರ್ತ್ ಕಡೆಗಿರಲಿ, ಇಲ್ಲದಿದ್ದರೆ ಡಯಲ್‌ಗೆ ಕೈ ತಂದಾಗೆಲ್ಲ ಸ್ಟೇಷನ್ ಸರಿಯುತ್ತದೆ. ಕಾಯಿಲ್‌ಗೆ ಅಡ್ಡಲಾಗಿ 220 ಪಿಕೋಫ್ಯಾರಡ್ ಹಾಕಿ, ಆಂಟೆನಾವನ್ನು 47 ಪಿಕೋಫ್ಯಾರಡ್ ಮೂಲಕ ಕೊಡಿ. ಅದು, ವೈರಿಂಗಿನದು ಎಲ್ಲ ಸೇರಿ 270ರ ಆಸುಪಾಸಿಗೆ ಬರುತ್ತದೆ. ಆಂಟೆನಾ ನೇರ ಕೊಟ್ಟರೆ ಅದರ ಧಾರಕತೆಯೂ ಪೂರ್ತಿ ಸೇರಿ, ಲೆಕ್ಕ ಹಾಕಿದ ಆವರ್ತನಗಳೆಲ್ಲ ಕೆಳಗಿಳಿಯುತ್ತವೆ.

ಈಗ ಎಲ್‌ಸಿಆರ್ ಮೀಟರ್ (ಇಂಡಕ್ಟೆನ್ಸ್ ಅಳೆಯುವ ಉಪಕರಣ) ಹಿಡಿಯಿರಿ. ಗರಿಷ್ಠದಿಂದ ಕನಿಷ್ಠ ಕಳೆದು ನಾಲ್ಕರಿಂದ ಭಾಗಿಸಿದರೆ ನಿಮ್ಮ ಸುರುಳಿಯ ನಿಜವಾದ ಎಂ ಸಿಗುತ್ತದೆ, ಅದರಿಂದ ಕೆ. ಡಯಲ್ ತಿರುಗಿಸಿದರೂ ಓದು ಕದಲದೇ ಇದ್ದರೆ ರೋಟರನ್ನು ಬಿಡಿಸಿ ಒಂಟಿಯಾಗಿ ಅಳೆಯಿರಿ. 100ರ ಹತ್ತಿರ ಇರಬೇಕಾದದ್ದು ತೀರಾ ಕೆಳಗಿದ್ದರೆ ದಂಡ ದಾಟುವಾಗ ಸುತ್ತುವ ದಿಕ್ಕು ತಪ್ಪಿದೆ, ಎರಡು ಅರ್ಧಗಳು ಒಂದನ್ನೊಂದು ಅಳಿಸುತ್ತಿವೆ. ತಂತಿ ಬಿಚ್ಚಬೇಕಿಲ್ಲ. ನಡುವಿನ ಜೋಡಣೆ ಕತ್ತರಿಸಿ, ಒಂದು ಅರ್ಧದ ಎರಡು ತುದಿಗಳನ್ನು ಅದಲುಬದಲು ಮಾಡಿ ಬೆಸೆದರೆ ಓದು 100ಕ್ಕೆ ಏರುತ್ತದೆ.