ಬಿಸಿಲುಕೋಲಿನಲ್ಲಿ ಕಂಡ ಮರದ ಪುಡಿ

ಚಿಕ್ಕಪ್ಪನ ಮರಗೆಲಸದ ಶೆಡ್ಡಿಗೆ ಒಂದೇ ಒಂದು ಗಾಜಿನ ಹೆಂಚಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿಂದ ಬಿಸಿಲುಕೋಲು ಸೀದಾ ಗರಗಸದ ಮೇಜಿನ ಮೇಲೆ ಬೀಳುತ್ತದೆ. ಆವತ್ತು ಮೆಷಿನ್ ನಿಲ್ಲಿಸಿ ಒಂದು ಗಂಟೆ ಕಳೆದಿತ್ತು. ನೆಲ ಗುಡಿಸಿ ಚೊಕ್ಕವಾಗಿತ್ತು. ಆದರೂ ಆ ಬೆಳಕಿನಲ್ಲಿ ಪುಡಿ ತೇಲುತ್ತಲೇ ಇತ್ತು. ಬೆಳಿಗ್ಗೆ ಕೊಯ್ದ ಬೀಟೆಯ ಪುಡಿ.

"ಹೊಟ್ಟೆಲ್ಲ ಬಾಚಿ ಆಯ್ತಲ್ಲ ಮಾರಾಯ, ಇನ್ನೇನಿದೆ?" ಅಂದರು ಚಿಕ್ಕಪ್ಪ.

ಬಾಚಲು ಬರುವ ಹೊಟ್ಟು ದೊಡ್ಡ ತೊಂದರೆಯೇ ಅಲ್ಲ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದಕ್ಕಿಂತ ದಪ್ಪದ ಪುಡಿ ಬೇಗ ನೆಲಕ್ಕೆ ಬೀಳುತ್ತದೆ. ಗಾಳಿ ಅಲುಗದೆ ಇದ್ದರೆ 10 ಮೈಕ್ರಾನಿನ ಕಣ ಮೂಗಿನ ಎತ್ತರದಿಂದ ನೆಲ ಮುಟ್ಟಲು ಎಂಟು ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕೆ ಹತ್ತಿರಹತ್ತಿರ 12 ಗಂಟೆ! ಕಣ ಸಣ್ಣದಾದಷ್ಟೂ ಅದರ ತೂಕ ಬೇಗ ಇಳಿಯುತ್ತದೆ, ಮೈಯ ಹರವು ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಗಾಳಿ ಅದನ್ನು ಬಿಡುವುದೇ ಇಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇದೇ ಸಣ್ಣ ಪುಡಿ. ದಪ್ಪದ್ದನ್ನು ಮೂಗು ತಡೆಯುತ್ತದೆ, ಆದರೆ ಅದಕ್ಕೆ ಮೂಗು ತೆರುವ ಬೆಲೆಯೂ ಇದೆ. ಇಂಗ್ಲೆಂಡಿನ ಹೈ ವಿಕಮ್ ಕುರ್ಚಿ ಮಾಡುವವರ ಊರು. 1960ರ ದಶಕದಲ್ಲಿ ಅಲ್ಲಿನ ಕಿವಿ-ಮೂಗು-ಗಂಟಲು ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಒಂದು ಸಂಗತಿ ಗಮನಿಸಿದರು. ಮೂಗಿನೊಳಗಿನ ಅಪರೂಪದ ಒಂದು ಕ್ಯಾನ್ಸರ್ ಪೀಠೋಪಕರಣದ ಕೆಲಸಗಾರರಲ್ಲೇ ಮತ್ತೆ ಮತ್ತೆ ಕಾಣುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಮರದ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು. ಬೀಟೆ, ತೇಗದ ಪುಡಿಗೆ ಮೈ ತುರಿಸುವುದಂತೂ ನಮ್ಮ ಬಡಗಿಗಳಿಗೆ ಗೊತ್ತಿರುವುದೇ.

ಪುಡಿ ಎಳೆಯುವ ಮೆಷಿನ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಎಚ್‌ಪಿ?" ಅಂತ. ನನ್ನ ಪ್ರಕಾರ ಲೆಕ್ಕ ಶುರುವಾಗಬೇಕಾದದ್ದು ಮೋಟರಿನಿಂದ ಅಲ್ಲ, ಪುಡಿ ಹುಟ್ಟುವ ಜಾಗದಿಂದ.

ಯಾಕೆ ಅಂದರೆ, ಒಲೆ ಊದುವ ಊದುಗೊಳವೆ ನೆನಪು ಮಾಡಿಕೊಳ್ಳಿ. ಮಾರು ದೂರ ಕೂತು ಊದಿದರೂ ಬೂದಿ ಹಾರುತ್ತದೆ. ಅದೇ ಕೊಳವೆಯಿಂದ ಉಸಿರು ಒಳಗೆಳೆದರೆ? ಬೂದಿ ಅಲುಗುವುದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ನುಗ್ಗುತ್ತದೆ. ಎಳೆದಾಗ ಸುತ್ತಲಿನ ಎಲ್ಲ ಕಡೆಯಿಂದಲೂ ಗಾಳಿ ಬರುತ್ತದೆ, ಸೆಳೆತ ಹಂಚಿಹೋಗುತ್ತದೆ. ಪೈಪಿನ ಬಾಯಿಂದ ಅದರ ಅಗಲದಷ್ಟೇ ದೂರ ಹೋದರೆ ಸಾಕು, ಗಾಳಿಯ ವೇಗ ಹತ್ತನೇ ಒಂದು ಭಾಗಕ್ಕೆ ಬಿದ್ದಿರುತ್ತದೆ. ಇತ್ತ 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗುವಾಗ ಅದರ ಹಲ್ಲು ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಪುಡಿ ಎಸೆಯುತ್ತದೆ. ಒಂದಡಿ ಆಚೆ ಇಟ್ಟ ಪೈಪು ಅದನ್ನು ವಾಪಸ್ ಕರೆಯಲಾರದು. ಬ್ಲೇಡಿನ ಕೆಳಗೆ ಮುಚ್ಚಿದ ಪೆಟ್ಟಿಗೆ ಬೇಕು, ಮೇಲೆ ಬ್ಲೇಡಿಗೆ ಅಂಟಿಕೊಂಡ ಹಾಗೆ ಇನ್ನೊಂದು ಮುಚ್ಚಳ ಬೇಕು. ಈ ಮುಚ್ಚಳಕ್ಕೆ ಖರ್ಚಾಗುವುದು ಒಂದಿಷ್ಟು ಪ್ಲೈವುಡ್ಡು, ಅರ್ಧ ದಿನದ ಕೆಲಸ. ಮೋಟರಿಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ.

ಆಮೇಲೆ ಪೈಪು. ಮರದ ಹೊಟ್ಟು ಪೈಪಿನೊಳಗೆ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಈ ವೇಗದಲ್ಲಿ ನಾಲ್ಕಿಂಚಿನ ಪೈಪು ಗಂಟೆಗೆ 560 ಘನಮೀಟರಿನಷ್ಟು ಗಾಳಿ ಸಾಗಿಸುತ್ತದೆ. ಆರಿಂಚಿನದು 1270. ಅಗಲ ಒಂದೂವರೆ ಪಟ್ಟು, ಗಾಳಿ ಎರಡು ಪಟ್ಟಿಗೂ ಜಾಸ್ತಿ! ಅಷ್ಟೇ ಗಾಳಿಯನ್ನು ನಾಲ್ಕಿಂಚಿನಲ್ಲಿ ತುರುಕಲು ಹೋದರೆ ತಿಕ್ಕಾಟ ಏಳು ಪಟ್ಟಿಗೂ ಹೆಚ್ಚು. ಹಾಗಂತ ಸಣ್ಣ ಫ್ಯಾನಿಗೆ ಸುಮ್ನೆ ದೊಡ್ಡ ಪೈಪು ಹಾಕಿದರೆ ವೇಗ ಬಿದ್ದು ಹೊಟ್ಟು ಒಳಗೇ ಕಟ್ಟಿಕೊಳ್ಳುತ್ತದೆ. ಫ್ಯಾನು, ಪೈಪು ಜೋಡಿಯಾಗೇ ಆಯ್ಕೆಯಾಗಬೇಕು. ಪುಡಿ ಎಳೆಯುವ ಮೆಷಿನ್ ಮೇಲೆ ಎಷ್ಟು ಗಾಳಿ ಅಂತ ಬರೆದಿರುವುದು ಸಾಮಾನ್ಯವಾಗಿ ಪೈಪು ಜೋಡಿಸದೆ ಅಳೆದ ಸಂಖ್ಯೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಸುಕ್ಕುಸುಕ್ಕಾದ ಬಳುಕುವ ಪೈಪು ನಯವಾದ ಪೈಪಿಗಿಂತ ತುಂಬಾ ಜಾಸ್ತಿ ತಡೆಯುತ್ತದೆ. ಮೆಷಿನ್ ಹತ್ತಿರ ಒಂದು ಮೊಳ ಸಾಕು. ಕವಲು ಒಡೆಯುವಲ್ಲಿ ನೇರ ಟಿ (T) ಆಕಾರದ ಜೋಡಣೆ ಬೇಡ, ಓರೆಯಾದ ವೈ (Y) ಇರಲಿ. ಬಳಸದ ಮೆಷಿನಿನ ಕವಲು ಮುಚ್ಚಿಡಿ.

ಎಳೆದ ಗಾಳಿಯನ್ನು ಕೊನೆಗೆ ಎಲ್ಲಿ ಬಿಡುವುದು? ಅಗ್ಗದ ಮೆಷಿನ್ನುಗಳ ಬಟ್ಟೆ ಚೀಲ ದಪ್ಪ ಹೊಟ್ಟನ್ನು ಹಿಡಿದಿಟ್ಟು, ಸಣ್ಣ ಪುಡಿಯನ್ನು ಶೆಡ್ಡಿನ ತುಂಬ ಊದುತ್ತದೆ. ಹಾಗಾಗಿ ದಪ್ಪ ಹೊಟ್ಟನ್ನು ಮೊದಲೇ ಬೇರೆ ಮಾಡಲು ಸೈಕ್ಲೋನ್ ಅನ್ನುವ ಆಲಿಕೆಯಾಕಾರದ ಡಬ್ಬಿ ಇಡುತ್ತಾರೆ. ಅದರೊಳಗೆ ಗಾಳಿ ಸುಳಿಯಾಗಿ ತಿರುಗುತ್ತದೆ, ಹೊಟ್ಟು ಗೋಡೆಗೆ ಬಡಿದು ಕೆಳಗಿನ ಡ್ರಮ್ಮಿಗೆ ಜಾರುತ್ತದೆ. ಉಳಿದ ಸಣ್ಣ ಪುಡಿಗೆ ಒಳ್ಳೆಯ ಫಿಲ್ಟರ್ ಬೇಕು. ಚಳಿದೇಶಗಳಲ್ಲಿ ಕೋಣೆಯ ಬಿಸಿ ಕಳೆದುಹೋಗುತ್ತದೆ ಅಂತ ಆ ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವುದುಂಟು. ನಮಗೆ ಆ ಕಟ್ಟುಪಾಡಿಲ್ಲ, ಅಲ್ವಾ? ಸುತ್ತ ಮನೆ, ಶಾಲೆ ಇಲ್ಲದ ಕಡೆ ಸೈಕ್ಲೋನ್ ದಾಟಿದ ಗಾಳಿಯನ್ನು ಹೊರಗೆ ಬಿಡುವುದೇ ಒಳ್ಳೆಯದು ಅನ್ನುತ್ತೇನೆ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಲು ಕಿಟಕಿಯೋ ಬಾಗಿಲೋ ತೆರೆದಿರಬೇಕು. ಪಕ್ಕದಲ್ಲೇ ಮನೆಗಳಿದ್ದರೆ ಮಾತ್ರ ಫಿಲ್ಟರಿಗೆ ದುಡ್ಡು ಹಾಕಲೇಬೇಕು.

ಇಷ್ಟಾದರೂ ಸ್ಯಾಂಡಿಂಗ್ ಮಾಡುವಾಗ, ಅಂದರೆ ಮರಳುಕಾಗದದಿಂದ ಮರ ಉಜ್ಜುವಾಗ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಸಂಜೆ ಕಂಪ್ರೆಸರಿನಿಂದ ಅಂಗಿಗೆ ಗಾಳಿ ಹೊಡೆದುಕೊಳ್ಳುವುದನ್ನು ದಯವಿಟ್ಟು ಬಿಡಿ. ಹಿಡಿದ ಪುಡಿಯೆಲ್ಲ ಮತ್ತೆ ಮುಖದ ಮಟ್ಟಕ್ಕೆ ಏಳುತ್ತದೆ.

ಚಿಕ್ಕಪ್ಪ ಈಗ ಸೈಕ್ಲೋನಿನ ಕೆಳಗೆ ಎರಡು ಡ್ರಮ್ ಬದಲಾಯಿಸುತ್ತಾರೆ. ಹಲಸು, ಹೊನ್ನೆಯ ಹೊಟ್ಟಿಗೆ ಒಂದು. ಅದು ಚಿಕ್ಕಮ್ಮನ ಹೊಟ್ಟಿನ ಒಲೆಗೆ ಹೋಗುತ್ತದೆ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಕೊಯ್ಯುವ ದಿನ ಇನ್ನೊಂದು. ಅದರಲ್ಲಿ ಅಂಟಿನ ರಾಸಾಯನಿಕವಿರುವುದರಿಂದ ಅದು ಒಲೆಗೂ ಹೋಗುವುದಿಲ್ಲ, ಕೊಟ್ಟಿಗೆಗೂ ಹೋಗುವುದಿಲ್ಲ.