ಜನರಲ್ ಮೋಟರ್ಸ್ ನೋಟ್ಸ್: ಸ್ಲೋನ್ ಹಾಕಿದ ಗೋಡೆಗಳಿಂದ ಇಗ್ನಿಷನ್ ಸ್ವಿಚ್ ತನಕ

ಬಿಸಿನೆಸ್ ಹಿಸ್ಟರಿ ಓದ್ತಿರೋರಿಗೆ ಜಿಎಂ (ಅಮೆರಿಕದ ಜನರಲ್ ಮೋಟರ್ಸ್) ಪಾಠ ಬಂದ್ರೆ ಒಂದು ಪ್ರಶ್ನೆ ಗ್ಯಾರಂಟಿ, ಎಷ್ಟೋ ವರ್ಷ ಪ್ರಪಂಚದ ಅತಿ ದೊಡ್ಡದಾಗಿದ್ದ ಕಾರ್ ಕಂಪನಿ 2009ರಲ್ಲಿ ಯಾಕೆ ದಿವಾಳಿ ಆಯ್ತು ಅಂತ. ನಾವು ಟೊಯೋಟಾ, ಯೂನಿಯನ್, ಪೆಟ್ರೋಲ್ ರೇಟು ಅಂತ ಮೂರು ಪಾಯಿಂಟ್ ಬರೆದು ಮುಗಿಸ್ತೀವಿ. ತಪ್ಪೇನಿಲ್ಲ, ಆದ್ರೆ ಆ ಮೂರು ಪಾಯಿಂಟ್ ಇಟ್ಕೊಂಡು 2014ರ ಸ್ವಿಚ್ ಕೇಸು (ಕಾರಿನ ಇಗ್ನಿಷನ್ ಸ್ವಿಚ್ ದೋಷದಿಂದ ಜನ ಸತ್ತಿದ್ದು) ಅರ್ಥ ಆಗೋದೇ ಇಲ್ಲ, ಯಾಕಂದ್ರೆ ಅಲ್ಲಿ ಟೊಯೋಟಾನೂ ಇಲ್ಲ ಯೂನಿಯನ್ನೂ ಇಲ್ಲ. ನಾನು ಓದ್ತಾ ಓದ್ತಾ ನಂಗೆ ಗಟ್ಟಿಯಾಗಿ ಅನ್ಸಿದ್ದು ಏನಂದ್ರೆ, ಯಾವ ಏರ್ಪಾಡು ಜಿಎಂನ ದೊಡ್ಡದು ಮಾಡ್ತೋ ಅದೇ ಏರ್ಪಾಡಿನೊಳಗೆ ಆಮೇಲೆ ಜವಾಬ್ದಾರಿ ಕಳೆದುಹೋಯ್ತು. ಈ ಒಂದು ಎಳೆ ಹಿಡ್ಕೊಂಡು ನೋಟ್ಸ್ ಮಾಡಿದೀನಿ, ನೀವೂ ಹಾಗೇ ಓದಿ ನೋಡಿ.

ಶುರು ಮಾಡಿದವನು ವಿಲಿಯಂ ಡ್ಯೂರಾಂಟ್. ಮಿಷಿಗನ್ ರಾಜ್ಯದ ಫ್ಲಿಂಟ್ ಊರಲ್ಲಿ ಕುದುರೆಗಾಡಿ ಮಾಡಿ ದುಡ್ಡು ಮಾಡಿದ್ದ, ಆಮೇಲೆ ಬ್ಯೂಯಿಕ್ ಕಂಪನಿ ಕೈಗೆ ಬಂತು, 1908ರ ಸೆಪ್ಟೆಂಬರ್ 16ಕ್ಕೆ ಜನರಲ್ ಮೋಟರ್ಸ್ ಅಂತ ಒಂದು ಹೋಲ್ಡಿಂಗ್ ಕಂಪನಿ (ಬೇರೆ ಕಂಪನಿಗಳ ಷೇರು ಇಟ್ಕೊಳ್ಳೋ ಕಂಪನಿ) ಕಟ್ಟಿ ಒಂದಾದ್ಮೇಲೊಂದು ಕಂಪನಿ ಕೊಳ್ಳೋಕೆ ಶುರು ಮಾಡ್ದ. ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್, ಓಕ್‌ಲ್ಯಾಂಡ್ (ಇದೇ ಮುಂದೆ ಪಾಂಟಿಯಾಕ್ ಆಗಿದ್ದು). 1909ರಲ್ಲಿ 80 ಲಕ್ಷ ಡಾಲರ್‌ಗೆ ಫೋರ್ಡ್ ಕಂಪನಿನೇ ಕೊಳ್ಳೋಕೆ ಹೊರಟಿದ್ದ, ಬ್ಯಾಂಕಿನವರು ಸಾಲ ಕೊಡಲಿಲ್ಲ, ಕೊಟ್ಟಿದ್ರೆ ನಾವು ಓದೋ ಪಾಠನೇ ಬೇರೆ ಇರ್ತಿತ್ತು. ಲೆಕ್ಕಪತ್ರ ಅವನಿಗೆ ಹಿಡಿಸ್ತಾ ಇರ್ಲಿಲ್ಲ. 1910ರಲ್ಲಿ ಬ್ಯಾಂಕುಗಳು ಅವನನ್ನ ಪಕ್ಕಕ್ಕೆ ತಳ್ಳಿದ್ವು, ಅವನು ಹೋಗಿ ರೇಸ್ ಡ್ರೈವರ್ ಲೂಯಿ ಷೆವರ್ಲೆ ಜೊತೆ ಷೆವರ್ಲೆ ಕಂಪನಿ ಶುರು ಮಾಡಿ, ಅದರ ಬಲದಿಂದಲೇ 1916ರಲ್ಲಿ ಜಿಎಂನ ವಾಪಸ್ ಹಿಡಿದ, 1920ರಲ್ಲಿ ಮತ್ತೆ ಕಳ್ಕೊಂಡ, ಈ ಸಲ ಶಾಶ್ವತವಾಗಿ. ಕೊನೆಗಾಲದಲ್ಲಿ ಅದೇ ಫ್ಲಿಂಟ್‌ನಲ್ಲಿ ಬೌಲಿಂಗ್ ಆಡೋ ಜಾಗ ನಡೆಸ್ತಿದ್ದ. ಇಷ್ಟು ದೊಡ್ಡ ಕನಸು ಕಂಡವನಿಗೆ ಹೀಗಾಯ್ತಲ್ಲ ಅಂತ ಈ ಭಾಗ ಓದಿದಾಗೆಲ್ಲ ನಂಗೆ ಸಂಕಟ ಆಗುತ್ತೆ.

ಈಗ ಮುಖ್ಯ ಭಾಗ, ಆಲ್ಫ್ರೆಡ್ ಸ್ಲೋನ್. ಬೇರಿಂಗ್ ಫ್ಯಾಕ್ಟರಿ ನಡೆಸ್ತಿದ್ದ ಇಂಜಿನಿಯರ್, 1923ರಲ್ಲಿ ಅಧ್ಯಕ್ಷ ಆದ್ರು, ಆಮೇಲೆ ಚೇರ್ಮನ್ ಆಗಿ 1956ರ ತನಕ ಇದ್ರು. ಡ್ಯೂರಾಂಟ್ ಬಿಟ್ಟುಹೋಗಿದ್ದು ಒಂದಕ್ಕೊಂದು ಸಂಬಂಧ ಇಲ್ಲದ ಕಂಪನಿಗಳ ಗುಂಪು, ಅವೇ ಒಂದರ ಗಿರಾಕಿನ ಇನ್ನೊಂದು ಕಿತ್ಕೊಳ್ತಿದ್ವು. ಸ್ಲೋನ್ ಎರಡು ಕೆಲಸ ಮಾಡಿದ್ರು. ಮೊದಲನೇದು ಬೆಲೆಯ ಮೆಟ್ಟಿಲು. ಕೆಳಗೆ ಷೆವರ್ಲೆ, ಅದರ ಮೇಲೆ ಪಾಂಟಿಯಾಕ್, ಆಮೇಲೆ ಓಲ್ಡ್ಸ್‌ಮೊಬೈಲ್, ಬ್ಯೂಯಿಕ್, ತುದಿಲಿ ಕ್ಯಾಡಿಲಾಕ್. ಪ್ರತಿ ಜೇಬಿಗೂ ಒಂದು ಕಾರು. ಸಂಬಳ ಜಾಸ್ತಿ ಆದ ಹಾಗೆ ಮನುಷ್ಯ ಒಂದೊಂದೇ ಮೆಟ್ಟಿಲು ಹತ್ತಲಿ, ಆದ್ರೆ ನಮ್ಮ ಮನೆ ಬಿಟ್ಟು ಆಚೆ ಹೋಗೋದು ಬೇಡ ಅನ್ನೋ ಲೆಕ್ಕ. ಕೈಲಿ ಕಾಸಿಲ್ಲದವರಿಗೆ 1919ರಿಂದಲೇ ಕಂತಿನ ಸಾಲ ಇತ್ತು. ವರ್ಷವರ್ಷ ಹೊಸ ರೂಪ ಕೊಡೋಕೆ ಅಂತ 1927ರಲ್ಲಿ ಹಾರ್ಲೆ ಅರ್ಲ್ ಕೈಕೆಳಗೆ ಡಿಸೈನ್ ವಿಭಾಗನೇ ಮಾಡಿದ್ರು. ಆ ಕಡೆ ಹೆನ್ರಿ ಫೋರ್ಡ್ ಅದೇ ಮಾಡೆಲ್ ಟಿ, ಎಷ್ಟೋ ವರ್ಷ ಅದೇ ಕಪ್ಪು ಬಣ್ಣ, ಬೆಲೆ ಮಾತ್ರ ಇಳಿಸ್ತಾ ಕೂತಿದ್ದ. ಒಂದೂವರೆ ಕೋಟಿ ಕಾರು ಮಾಡಿ 1927ರಲ್ಲಿ ಅದನ್ನ ನಿಲ್ಲಿಸಬೇಕಾಯ್ತು. 1931ರಿಂದ 2007ರ ತನಕ ಪ್ರಪಂಚದಲ್ಲಿ ಅತಿ ಹೆಚ್ಚು ಕಾರು ಮಾರಿದ್ದು ಜಿಎಂ.

ಎರಡನೇ ಕೆಲಸನೇ ನಮ್ಮ ಎಳೆ. ಪ್ರತಿ ಬ್ರ್ಯಾಂಡೂ ಒಂದು ಡಿವಿಷನ್, ಅದಕ್ಕೆ ಅದರದೇ ಇಂಜಿನಿಯರು, ಅದರದೇ ಫ್ಯಾಕ್ಟರಿ, ಅದರದೇ ಲಾಭನಷ್ಟದ ಲೆಕ್ಕ. ಡಿವಿಷನ್ ಹೇಗೆ ನಡೆಸ್ತೀರೋ ನೀವು ನೋಡ್ಕೊಳ್ಳಿ, ಹಾಕಿದ ಬಂಡವಾಳಕ್ಕೆ ಎಷ್ಟು ಬಂತು ಅಂತ ಮಾತ್ರ ನಾವು ಕೇಳ್ತೀವಿ ಅಂತ ಕೇಂದ್ರ ಆಫೀಸು. ದೊಡ್ಡ ನಿರ್ಧಾರ ಎಲ್ಲ ಕಮಿಟಿಗಳಲ್ಲಿ. ಅಷ್ಟು ದೊಡ್ಡ ಕಂಪನಿನ ಒಬ್ಬ ಮನುಷ್ಯನ ಮರ್ಜಿ ಮೇಲೆ ನಡೆಸಬಾರದು ಅನ್ನೋದು ಸ್ಲೋನ್ ಡ್ಯೂರಾಂಟ್‌ನ ನೋಡಿ ಕಲಿತ ಪಾಠ, ಆ ಕಾಲಕ್ಕೆ ಅದು ನಿಜವಾಗ್ಲೂ ದೊಡ್ಡ ಆವಿಷ್ಕಾರ, ಮ್ಯಾನೇಜ್‌ಮೆಂಟ್ ಓದೋರು ಇವತ್ತಿಗೂ ಇದನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ. ಈ ಪ್ಯಾರಾ ಚೆನ್ನಾಗಿ ನೆನಪಿಟ್ಕೊಳ್ಳಿ, ಕೊನೆಲಿ ಬೇಕಾಗುತ್ತೆ.

ಹೆಸರಿನ ವಿಷಯಕ್ಕೆ ಬಂದ್ರೆ ಒಳ್ಳೇದು ಕೆಟ್ಟದ್ದು ಎರಡೂ ಒಬ್ಬನ ಕಡೆಯಿಂದಲೇ ಬಂದಿವೆ. ಚಾರ್ಲ್ಸ್ ಕೆಟರಿಂಗ್ ಮಾಡಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು, ಹ್ಯಾಂಡಲ್ ಹಾಕಿ ತಿರುಗಿಸಿ ಕೈ ಮುರ್ಕೊಳ್ಳೋ ಕಾಲ ಮುಗೀತು. ಅದೇ ಕೆಟರಿಂಗ್ ಕೈಕೆಳಗೆ 1921ರಲ್ಲಿ ಥಾಮಸ್ ಮಿಡ್ಜ್ಲಿ, ಇಂಜಿನ್ ನಾಕಿಂಗ್ (ಒಳಗೆ ಟಕಟಕ ಬಡಿಯೋದು) ನಿಲ್ಲಿಸೋಕೆ ಪೆಟ್ರೋಲ್‌ಗೆ ಸೀಸ ಬೆರೆಸೋದು ಕಂಡುಹಿಡಿದ. 1924ರಲ್ಲಿ ನ್ಯೂಜೆರ್ಸಿಯ ಪ್ಲಾಂಟಲ್ಲಿ ಆ ಸೀಸದಿಂದ ಕೆಲಸಗಾರರು ಬುದ್ಧಿ ಭ್ರಮಣೆ ಆಗಿ ಸತ್ರು, ಆದ್ರೂ ಮಾರಾಟ ನಿಲ್ಲಲಿಲ್ಲ. ಭಾರತದಲ್ಲಿ ಸೀಸದ ಪೆಟ್ರೋಲು ನಿಂತಿದ್ದು 2000ದಲ್ಲಿ, ಪ್ರಪಂಚದಲ್ಲಿ ಕೊನೇದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ. ಅಂದ್ರೆ ಒಂದು ಲ್ಯಾಬಿನ ತೀರ್ಮಾನ ಸುಮಾರು ನೂರು ವರ್ಷ ಜನರ ರಕ್ತದಲ್ಲಿ ಓಡಾಡ್ತು, ನಮ್ಮಂಥ 1980, 90ರಲ್ಲಿ ಊರ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತವರ ರಕ್ತವೂ ಸೇರಿ.

ಫ್ಲಿಂಟ್ ಮುಷ್ಕರ ಬಿಡಬೇಡಿ, ಲೇಬರ್ ಹಿಸ್ಟರಿ ಪ್ರಶ್ನೆಗೂ ಇದೇ ಉತ್ತರ. 1936ರ ಡಿಸೆಂಬರ್ 30ಕ್ಕೆ ಕೆಲಸಗಾರರು ಗೇಟಿನಾಚೆ ಹೋಗಿ ಧರಣಿ ಕೂರಲಿಲ್ಲ, ಫ್ಯಾಕ್ಟರಿ ಒಳಗೇ ಮೆಷಿನ್ ಪಕ್ಕದಲ್ಲೇ ಕೂತುಬಿಟ್ರು. ಆಚೆ ಇದ್ರೆ ಬೇರೆಯವರನ್ನ ಕರ್ಕೊಂಡು ಬಂದು ಲೈನ್ ಓಡಿಸ್ತಾರೆ, ಒಳಗಿದ್ರೆ ಆಗಲ್ಲ, ಪೊಲೀಸರು ಗುಂಡು ಹಾರಿಸಿದ್ರೆ ಕಂಪನಿಯ ಕೋಟ್ಯಂತರದ ಮೆಷಿನ್ನಿಗೇ ಪೆಟ್ಟು. ಜನವರಿ 11ಕ್ಕೆ ಪೊಲೀಸರು ಅಶ್ರುವಾಯು ಹಿಡ್ಕೊಂಡು ನುಗ್ಗಿದಾಗ ಒಳಗಿನವರು ಕಾರಿನ ಬಾಗಿಲಿನ ಕೀಲು (ಹಿಂಜ್) ಎಸೆದು, ಮೈ ಕೊರೆಯೋ ಚಳಿಲಿ ಪೈಪಲ್ಲಿ ನೀರು ಹಾರಿಸಿ ಹಿಮ್ಮೆಟ್ಟಿಸಿದ್ರು. ಗವರ್ನರ್ ಫ್ರಾಂಕ್ ಮರ್ಫಿ ಸೈನಿಕರನ್ನ ಕರೆಸಿದ್ರು ಆದ್ರೆ ಕೂತವರನ್ನ ಎಬ್ಬಿಸೋಕೆ ಬಳಸಲಿಲ್ಲ. 44 ದಿನ ಆದ್ಮೇಲೆ 1937ರ ಫೆಬ್ರವರಿ 11ಕ್ಕೆ ಜಿಎಂ ಕಾರ್ ಕೆಲಸಗಾರರ ಯುಎಡಬ್ಲ್ಯು ಯೂನಿಯನ್‌ಗೆ ಮಾನ್ಯತೆ ಕೊಟ್ಟು ಸಹಿ ಹಾಕ್ತು. ಅಮೆರಿಕದ ಫ್ಯಾಕ್ಟರಿ ಕೆಲಸಗಾರನಿಗೆ ಸ್ವಂತ ಮನೆ, ಪೆನ್ಶನ್, ಆಸ್ಪತ್ರೆ ಖರ್ಚು ಅಂತೆಲ್ಲ ಮುಂದೆ ಸಿಕ್ಕಿದ್ದಕ್ಕೆ ಬೀಜ ಬಿದ್ದಿದ್ದು ಇಲ್ಲೇ, ಹಾಗಾಗಿ ಯೂನಿಯನ್‌ನಿಂದ ಕಂಪನಿ ಮುಳುಗ್ತು ಅಂತ ಒಂದೇ ಸಾಲಲ್ಲಿ ಬರೆಯೋ ಮುಂಚೆ ಆ 44 ದಿನ ಓದಬೇಕು ಅನ್ನೋದು ನನ್ನ ಮಾತು.

ಯುದ್ಧಕಾಲ ಬೇಗ ಹೇಳ್ತೀನಿ. ಅಮೆರಿಕದ ಸೈನ್ಯಕ್ಕೆ ಜಿಎಂ ಟ್ರಕ್ಕು, ಟ್ಯಾಂಕು, ವಿಮಾನ ಮಾಡ್ತು. 1929ರಲ್ಲಿ ಕೊಂಡಿದ್ದ ಜರ್ಮನಿಯ ಓಪೆಲ್ ಕಂಪನಿ ಹಿಟ್ಲರನ ಸೈನ್ಯಕ್ಕೆ ಟ್ರಕ್ ಮಾಡ್ತು. ಎರಡನ್ನೂ ಒಟ್ಟಿಗೆ ಬರೆದ್ರೇನೇ ನೋಟ್ಸ್ ಪ್ರಾಮಾಣಿಕ. 1955ರಲ್ಲಿ ಒಂದೇ ವರ್ಷಕ್ಕೆ 100 ಕೋಟಿ ಡಾಲರ್ ದಾಟಿ ಲಾಭ ಮಾಡಿದ ಮೊದಲ ಅಮೆರಿಕನ್ ಕಂಪನಿ ಆಯ್ತು, ಅಮೆರಿಕದಲ್ಲಿ ಮಾರೋ ಎರಡು ಕಾರಲ್ಲಿ ಹೆಚ್ಚುಕಮ್ಮಿ ಒಂದು ಇವರದ್ದೇ.

ಇಲ್ಲಿಂದ ಹೆಸರು ಕೆಡೋಕೆ ಶುರು. ಕಾರ್ವೇರ್ ಅಂತ 1960ರ ಮಾಡೆಲ್, ಇಂಜಿನ್ ಹಿಂದೆ. ಭಾರ ಎಲ್ಲ ಹಿಂದೆ ಇದ್ದಿದ್ದರಿಂದ ಮುಂದಿನ ಟೈರಿಗೆ 15, ಹಿಂದಿನದಕ್ಕೆ 26 ಪಿಎಸ್‌ಐ ಗಾಳಿ ಇಟ್ರೆ ಮಾತ್ರ ಸರಿಯಾಗಿ ತಿರುಗ್ತಿತ್ತು. ಪೆಟ್ರೋಲ್ ಬಂಕಲ್ಲಿ ಯಾರು ಹಾಗೆ ಲೆಕ್ಕ ಇಟ್ಟು ಗಾಳಿ ಹಾಕಿಸ್ತಾರೆ ಹೇಳಿ? ವಾಲಾಡದ ಹಾಗೆ ಹಿಡಿಯೋ ಒಂದು ಕಬ್ಬಿಣದ ಬಾರ್ ಮುಂದೆ ಹಾಕಬೇಕಿತ್ತು, ಎಲ್ಲ ಕಾರಿಗೂ ಹಾಕಿದ್ದು 1964ರಲ್ಲಿ. 1965ರಲ್ಲಿ ರಾಲ್ಫ್ ನೇಡರ್ ಅನ್ನೋ ಯುವ ವಕೀಲ ಇದನ್ನ ಪುಸ್ತಕದಲ್ಲಿ ಬರೆದಾಗ ಜಿಎಂ ಉತ್ತರ ಕೊಡೋ ಬದಲು ಅವನ ಹಿಂದೆ ಖಾಸಗಿ ಪತ್ತೇದಾರರನ್ನ ಬಿಡ್ತು. ಅದು ಬಯಲಾಗಿ 1966ರ ಮಾರ್ಚ್‌ನಲ್ಲಿ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಮುಂದೆ ಬಂದು ಕ್ಷಮೆ ಕೇಳಿದ್ರು, ಅದೇ ವರ್ಷ ವಾಹನ ಸುರಕ್ಷತೆಯ ಕಾನೂನೂ ಬಂತು, 1970ರಲ್ಲಿ ನೇಡರ್‌ಗೆ 4,25,000 ಡಾಲರ್ ಕೊಟ್ಟು ಕೇಸ್ ಮುಗಿಸಿದ್ರು. 1972ರಲ್ಲಿ ಸರ್ಕಾರಿ ಸಂಸ್ಥೆ ಪರೀಕ್ಷೆ ಮಾಡಿ ಆ ಕಾಲದ ಅಂಥದ್ದೇ ಬೇರೆ ಕಾರುಗಳಿಗಿಂತ ಕಾರ್ವೇರ್ ಹೆಚ್ಚು ಅಪಾಯದ್ದೇನಲ್ಲ ಅಂತ ವರದಿ ಕೊಟ್ಟಿದೆ, ಅದನ್ನೂ ಬರೀಬೇಕು. ಕಾರಿಗಿಂತ ಹೆಚ್ಚು ಹೆಸರು ಕೆಡಿಸಿದ್ದು ಆ ಪತ್ತೇದಾರರು.

1980ರ ದಶಕಕ್ಕೆ ಎರಡು ಉದಾಹರಣೆ ಸಾಕು. 1982ರಲ್ಲಿ ಷೆವರ್ಲೆಯ ಒಂದು ಸಣ್ಣ ಕಾರಿಗೇ ಒಳಗೆ ಲೆದರ್ ಹಾಕಿ ಸಿಮರಾನ್ ಅಂತ ಕ್ಯಾಡಿಲಾಕ್ ಮಾರಿದ್ರು. ಸ್ಲೋನ್ ಮೆಟ್ಟಿಲಲ್ಲಿ ಅತಿ ಕೆಳಗಿನದೂ ಅತಿ ಮೇಲಿನದೂ ಒಂದೇ ಆದ್ಮೇಲೆ ಮೆಟ್ಟಿಲು ಅಂತ ಯಾಕೆ? ಇನ್ನೊಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಫ್ಯಾಕ್ಟರಿ. ಶಿಸ್ತಿಲ್ಲ, ಕೆಲಸಕ್ಕೇ ಬರಲ್ಲ ಅಂತ ಕುಖ್ಯಾತಿ ಇದ್ದ ಜಾಗ, 1982ರಲ್ಲಿ ಮುಚ್ಚಿದ್ರು. 1984ರಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಅಂತ ಮತ್ತೆ ತೆಗೆದಾಗ ತಗೊಂಡಿದ್ದು ಬಹುಪಾಲು ಅದೇ ಹಳೇ ಕೆಲಸಗಾರರನ್ನ, ಅದೇ ಯೂನಿಯನ್. ಆದ್ರೆ ತಪ್ಪು ಕಂಡ್ರೆ ಯಾರು ಬೇಕಾದ್ರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಅಂದ್ರು, ಅಷ್ಟಕ್ಕೇ ಕಾರಿನ ಕ್ವಾಲಿಟಿ ಜಪಾನಿನ ಮಟ್ಟಕ್ಕೆ ಬಂತು. ನಂಗೆ ಇಡೀ ಪಾಠದಲ್ಲಿ ಇಷ್ಟದ ಜಾಗ ಇದು. ತಪ್ಪು ಹೇಳೋನಿಗೆ ಒಂದು ಹಗ್ಗ ಕೊಟ್ರು. ಜಿಎಂನ ಉಳಿದ ಫ್ಯಾಕ್ಟರಿಗಳಿಗೆ ಈ ಪದ್ಧತಿ ಹರಡೋಕೆ ಎಷ್ಟೋ ವರ್ಷ ಹಿಡೀತು, ಡಿವಿಷನ್‌ಗಳ ನಡುವಿನ ಗೋಡೆಗಳು ಅಷ್ಟು ಗಟ್ಟಿ.

2009 ನಿಮಗೆಲ್ಲ ಗೊತ್ತಿರೋದೇ, ಅಂಕಿ ಮಾತ್ರ ಬರ್ಕೊಳ್ಳಿ. ಜೂನ್ 1ಕ್ಕೆ ದಿವಾಳಿ ಅರ್ಜಿ, ಆಸ್ತಿ ಸುಮಾರು 8,200 ಕೋಟಿ ಡಾಲರ್, ಸಾಲ ಸುಮಾರು 17,300 ಕೋಟಿ ಡಾಲರ್. ಕಂಪನಿ ಉಳಿಸೋಕೆ ಅಮೆರಿಕ ಸರ್ಕಾರ ಹಾಕಿದ್ದು ಸುಮಾರು 4,950 ಕೋಟಿ ಡಾಲರ್, 2013ರ ಡಿಸೆಂಬರ್‌ನಲ್ಲಿ ಕೊನೇ ಷೇರು ಮಾರಿ ಆಚೆ ಬಂದಾಗ ಸಾವಿರ ಕೋಟಿ ಡಾಲರ್‌ಗೂ ಮೇಲೆ ನಷ್ಟ. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಮುಚ್ಚಿದ್ವು.

ಈಗ ಸ್ವಿಚ್. ಷೆವರ್ಲೆ ಕೋಬಾಲ್ಟ್ ತರದ ಸಣ್ಣ ಕಾರುಗಳಲ್ಲಿ ಕೀ ತಿರುಗಿಸೋ ಇಗ್ನಿಷನ್ ಸ್ವಿಚ್ ಒಳಗಿನ ಹಿಡಿತ ಸಡಿಲ. ಭಾರದ ಕೀ ಗೊಂಚಲು ಇದ್ರೆ, ಮೊಣಕಾಲು ತಾಗಿದ್ರೆ, ರೋಡಲ್ಲಿ ಎಗರಿದ್ರೆ ಓಡ್ತಿರೋ ಕಾರು ಆಫ್ ಆಗ್ತಿತ್ತು. ಆಫ್ ಆದ್ರೆ ಪವರ್ ಸ್ಟೀರಿಂಗ್ ಹೋಗುತ್ತೆ, ಮುಖ್ಯವಾಗಿ ಏರ್‌ಬ್ಯಾಗ್ ಬಿಚ್ಕೊಳ್ಳಲ್ಲ. ಒಳಗಿನ ಇಂಜಿನಿಯರ್‌ಗಳಿಗೆ ದೂರು ಬಂದಿತ್ತು, ಆದ್ರೆ ಅದನ್ನ ಗಿರಾಕಿಯ ಅನುಕೂಲದ ವಿಷಯ ಅಂತ ಫೈಲ್ ಮಾಡಿದ್ರು, ಸುರಕ್ಷತೆ ಅಂತ ಅಲ್ಲ. ಕಾರು ನಿಂತ್ರೆ ಏರ್‌ಬ್ಯಾಗೂ ಹೋಗುತ್ತೆ ಅನ್ನೋದು ಸ್ವಿಚ್ ನೋಡೋರ ತಲೆಗೆ ಬರಲಿಲ್ಲ, ಯಾಕೆ ಏರ್‌ಬ್ಯಾಗ್ ಬಿಚ್ತಿಲ್ಲ ಅಂತ ತಲೆ ಕೆಡಿಸ್ಕೊಂಡೋರಿಗೆ ಸ್ವಿಚ್ ವಿಷಯ ಗೊತ್ತಿರಲಿಲ್ಲ. 2006ರಲ್ಲಿ ಸ್ವಿಚ್ಚನ್ನ ಸದ್ದಿಲ್ಲದೆ ಗಟ್ಟಿ ಮಾಡಿದ್ರು, ಪಾರ್ಟ್ ನಂಬರ್ ಮಾತ್ರ ಬದಲಾಯಿಸಲಿಲ್ಲ. ಅದರಿಂದ ಹಳೇ ಕಾರು ಅಪಘಾತ ಆಗ್ತಿದೆ ಹೊಸದು ಆಗ್ತಿಲ್ಲ ಯಾಕೆ ಅಂತ ತನಿಖೆ ಮಾಡೋರಿಗೇ ಗೊತ್ತಾಗದೆ ವರ್ಷಗಟ್ಟಲೆ ಹೋಯ್ತು. ಕೊನೆಗೆ ಕಂಡುಹಿಡಿದಿದ್ದು ಜಾರ್ಜಿಯಾ ರಾಜ್ಯದಲ್ಲಿ ಮಗಳನ್ನ ಕಳ್ಕೊಂಡ ಕುಟುಂಬದ ಪರವಾಗಿ ಕೆಲಸ ಮಾಡಿದ ಹೊರಗಿನ ಇಂಜಿನಿಯರ್. ಅದೇ ನಂಬರಿನ ಹೊಸ ಸ್ವಿಚ್ ಅಂಗಡಿಲಿ ಕೊಂಡು ತಂದು, ಬಿಚ್ಚಿ, ಹಳೇದರ ಪಕ್ಕ ಇಟ್ಟು ಅಳತೆ ಮಾಡ್ದ, ಒಳಗಿನ ಭಾಗ ಬೇರೆ ಅಂತ ಗೊತ್ತಾಯ್ತು.

2014ರಲ್ಲಿ ಸುಮಾರು 26 ಲಕ್ಷ ಕಾರು ವಾಪಸ್ ಕರೆದ್ರು. ಪರಿಹಾರ ನಿಧಿ ಒಪ್ಕೊಂಡ ಸಾವು 124. ಆಗಷ್ಟೇ ಸಿಇಓ ಆಗಿದ್ದ ಮೇರಿ ಬಾರಾ (ಅವರಪ್ಪ ಪಾಂಟಿಯಾಕ್‌ನಲ್ಲಿ ಡೈ (ಲೋಹದ ಅಚ್ಚು) ಮಾಡೋ ಕೆಲಸಗಾರ, ಇವರು 18ನೇ ವಯಸ್ಸಿಗೇ ಜಿಎಂ ಸೇರಿದವರು) ಆಂಟನ್ ವಲುಕಾಸ್ ಅನ್ನೋ ವಕೀಲರ ಕೈಲಿ ತನಿಖೆ ಮಾಡಿಸಿದ್ರು, 15 ಜನರನ್ನ ತೆಗೆದ್ರು, ಮುಂದಿನ ವರ್ಷ ಅಮೆರಿಕದ ಕೇಂದ್ರ ಸರ್ಕಾರಕ್ಕೆ 90 ಕೋಟಿ ಡಾಲರ್ ದಂಡ ಕಟ್ಟಿದ್ರು. ಆ ವರದಿಲಿರೋ ಎರಡು ಮಾತು ಬಾಯಿಪಾಠ ಮಾಡ್ಕೊಳ್ಳಿ. ಜಿಎಂ ನಾಡ್ ಅಂದ್ರೆ ಮೀಟಿಂಗಲ್ಲಿ ಎಲ್ಲರೂ ಹೂಂ ಅಂತ ತಲೆ ಆಡಿಸಿ ಆಚೆ ಬಂದು ಯಾರೂ ಏನೂ ಮಾಡದೇ ಇರೋದು. ಜಿಎಂ ಸೆಲ್ಯೂಟ್ ಅಂದ್ರೆ ಎದೆ ಮೇಲೆ ಕೈ ಕಟ್ಟಿ ಬೆರಳನ್ನ ಪಕ್ಕದವನ ಕಡೆ ತೋರಿಸೋದು. ಈಗ ಸ್ಲೋನ್ ಪ್ಯಾರಾ ಮತ್ತೆ ಓದಿ. ಡಿವಿಷನ್, ಕಮಿಟಿ, ಲೆಕ್ಕ ಕೇಳೋ ಕೇಂದ್ರ ಎಲ್ಲ ಇದೆ, ಮೆಟ್ಟಿಲು ಹತ್ತೋ ಗಿರಾಕಿಗೆ ಅಂತ ಕಟ್ಟಿದ್ದು, ಆದ್ರೆ ಸಾಯ್ತಿರೋ ಗಿರಾಕಿಯ ಫೈಲು ಯಾರ ಮೇಜಿನದು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಇನ್ನೊಂದು ವಿಷಯ ಹೊರಬಂತು, 2008ರ ಟ್ರೇನಿಂಗ್‌ನಲ್ಲಿ ಇಂಜಿನಿಯರ್‌ಗಳು ರಿಪೋರ್ಟಲ್ಲಿ ಬರೀಬಾರದು ಅಂತ 69 ಪದಗಳ ಪಟ್ಟಿ ಕೊಟ್ಟಿದ್ರು. ದೋಷ ಅನ್ನಬೇಡಿ, ಡಿಸೈನ್ ಪ್ರಕಾರ ಕೆಲಸ ಮಾಡ್ತಿಲ್ಲ ಅನ್ನಿ. ಆ ಪಟ್ಟಿಲಿ ಕಾರ್ವೇರ್ ಥರ ಅನ್ನೋ ಮಾತೂ ಇತ್ತು. ನಲವತ್ತು ವರ್ಷ ಆದ್ರೂ ಆ ಗಾಯ ನೆನಪಿತ್ತು, ಆದ್ರೆ ಅದರಿಂದ ಕಲಿತಿದ್ದು ಪದ ಅಡಗಿಸೋದನ್ನ.

ನಮ್ಮ ಕಡೆಯ ಸಂಬಂಧ ಕೇಳಿದ್ರೆ, 1928ರಲ್ಲೇ ಬಾಂಬೆಲಿ ಜಿಎಂ ಕಾರು ಜೋಡಿಸೋಕೆ ಶುರು ಮಾಡಿತ್ತು, 1950ರ ದಶಕದಲ್ಲಿ ಬಿಟ್ಟುಹೋಯ್ತು, 90ರ ದಶಕದಲ್ಲಿ ಗುಜರಾತಿನ ಹಾಲೋಲ್‌ಗೆ ವಾಪಸ್ ಬಂತು, ಬೆಂಗಳೂರಿನ ವೈಟ್‌ಫೀಲ್ಡಲ್ಲಿ ಟೆಕ್ನಿಕಲ್ ಸೆಂಟರ್ ಮಾಡ್ತು, 2017ರ ಕೊನೆಗೆ ಇಲ್ಲಿ ಕಾರು ಮಾರೋದು ನಿಲ್ಲಿಸ್ತು. ಷೆವರ್ಲೆ ಟವೇರಾ ನಿಮಗೆಲ್ಲ ಗೊತ್ತು, ಧರ್ಮಸ್ಥಳಕ್ಕೋ ತಿರುಪತಿಗೋ ಹತ್ತು ಜನ ತುಂಬ್ಕೊಂಡು ಹೋಗಿರ್ತೀರಿ. 2013ರ ಜುಲೈನಲ್ಲಿ ಸುಮಾರು 1.14 ಲಕ್ಷ ಟವೇರಾ ವಾಪಸ್ ಕರೆದ್ರು. ಹೊಗೆ ಪರೀಕ್ಷೆಗೆ ಬಂದಾಗ ಕಮ್ಮಿ ಹೊಗೆ ಬಿಡೋ ಇಂಜಿನ್‌ಗಳನ್ನ ಆರಿಸಿಟ್ಟು ಆ ಗಾಡಿಗಳಿಗೆ ಕೂರಿಸಿ ಪಾಸ್ ಮಾಡಿಸ್ತಿದ್ರು ಅಂತ ಕಂಪನಿನೇ ಸರ್ಕಾರಕ್ಕೆ ಹೇಳ್ತು, ಹಲವರ ಕೆಲಸ ಹೋಯ್ತು. ಅದೇ ಜುಲೈನಲ್ಲಿ ಜಿಎಂ ಹೆಡ್ ಆಫೀಸ್ ಇದ್ದ ಡೆಟ್ರಾಯ್ಟ್‌ನಲ್ಲಿ, ಎರಡು ಸ್ವಿಚ್ ಬೇರೆಬೇರೆ ಅಂತ ಹೊರಗಿನವನೊಬ್ಬ ತೋರಿಸಿ ಆಗಿತ್ತು, ಫೈಲು ಇನ್ನೂ ಒಂದು ಕಮಿಟಿಯಿಂದ ಇನ್ನೊಂದು ಕಮಿಟಿಗೆ ಹೋಗ್ತಾನೇ ಇತ್ತು.